ಐರ್ಲೆಂಡಿನ ಜನಮತ ಮತ್ತು ಆಸ್ಪತ್ರೆಯ ಪ್ರಶ್ನೆ

2008ರ ಜೂನ್ 12ರಂದು ಐರ್ಲೆಂಡಿನ ಮತದಾರರು ಲಿಸ್ಬನ್ ಒಪ್ಪಂದವನ್ನು ತಿರಸ್ಕರಿಸಿದರು. ಬೇಡ ಎಂದವರು ಶೇ. 53.4, ಬೇಕು ಎಂದವರು ಶೇ. 46.6. ಐರೋಪ್ಯ ಒಕ್ಕೂಟದಲ್ಲಿ ಆಗ ಇದ್ದ 27 ದೇಶಗಳ ಪೈಕಿ ಈ ಒಪ್ಪಂದದ ಬಗ್ಗೆ ಜನರನ್ನು ನೇರವಾಗಿ ಕೇಳಿದ್ದು ಐರ್ಲೆಂಡ್ ಒಂದೇ. ಅದೂ ಅಲ್ಲಿನ ಸರಕಾರದ ಔದಾರ್ಯದಿಂದಲ್ಲ. ರೇಮಂಡ್ ಕ್ರಾಟಿ ಎಂಬ ಅರ್ಥಶಾಸ್ತ್ರಜ್ಞ ಹೂಡಿದ ದಾವೆಯಲ್ಲಿ 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಸರಕಾರದ ಕೈ ಕಟ್ಟಿಹಾಕಿತ್ತು.

ಫಲಿತಾಂಶ ಬಂದೊಡನೆ ಮತದಾರನ ಅಜ್ಞಾನವೇ ಚರ್ಚೆಯ ವಿಷಯವಾಯಿತು. ‘ಗೊತ್ತಿಲ್ಲದಿದ್ದರೆ ಬೇಡ ಎನ್ನಿ’ ಎಂಬುದು ವಿರೋಧಿಗಳ ಒಂದು ಘೋಷಣೆಯಾಗಿತ್ತು. ಮತದಾನದ ಬಳಿಕ ಐರೋಪ್ಯ ಆಯೋಗ ನಡೆಸಿದ ಸಮೀಕ್ಷೆಯಲ್ಲಿಯೂ ಬೇಡ ಎಂದವರಲ್ಲಿ ಶೇ. 22 ಮಂದಿ ತಮಗೆ ಒಪ್ಪಂದದ ಬಗ್ಗೆ ಸಾಕಷ್ಟು ತಿಳಿದಿರಲಿಲ್ಲ ಎಂದೇ ಕಾರಣ ಕೊಟ್ಟರು. ಆದರೆ ಓದದವರು ಇವರು ಮಾತ್ರವೇ? ಪ್ರಧಾನಿ ಬ್ರಿಯಾನ್ ಕೋವೆನ್ ತಾನು ಒಪ್ಪಂದವನ್ನು ಮೊದಲಿನಿಂದ ಕೊನೆಯವರೆಗೆ ಓದಿಲ್ಲವೆಂದು ಪ್ರಚಾರದ ನಡುವೆಯೇ ಒಪ್ಪಿಕೊಂಡಿದ್ದರು. ಒಕ್ಕೂಟದಲ್ಲಿ ಐರ್ಲೆಂಡಿನ ಕಮಿಷನರ್ ಆಗಿದ್ದ ಚಾರ್ಲಿ ಮೆಕ್ರೀವಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬುದ್ಧಿ ನೆಟ್ಟಗಿರುವ ಯಾರೂ ಅದನ್ನು ಪೂರ್ತಿ ಓದಲಾರರು ಎಂಬರ್ಥದ ಮಾತನ್ನಾಡಿದರು. ಓದದ ನಾಯಕ ಸಹಿ ಹಾಕಿಸಲು ಹೊರಟದ್ದು ಹೊಣೆಗಾರಿಕೆ, ಓದದ ಕೂಲಿಕಾರ ಬೇಡ ಎಂದದ್ದು ಮಾತ್ರ ಮೌಢ್ಯ!

ನಾವು ಈ ಹಳೆಯ ಚರ್ಚೆಗೆ ಮರಳಲು ಕಾರಣವಿದೆ. ಅದರಲ್ಲಿ ತೆರಿಗೆ, ಸೈನ್ಯ, ತಟಸ್ಥ ನೀತಿಗಳ ಮಾತಿನ ಗದ್ದಲದ ನಡುವೆ ಆಸ್ಪತ್ರೆಯ ಪ್ರಶ್ನೆಯೂ ಕೇಳಿಬಂದಿತ್ತು. ಈ ಒಪ್ಪಂದ ಜಾರಿಯಾದರೆ ಆರೋಗ್ಯ ಸೇವೆ ಖಾಸಗಿಯವರ ಪಾಲಾಗುತ್ತದೆ ಎಂದು ಜೋ ಹಿಗಿನ್ಸ್‌ರಂತಹ ಸಮಾಜವಾದಿಗಳು ಮತ್ತು ಸಂಸತ್ತಿನಲ್ಲಿ ಒಪ್ಪಂದವನ್ನು ವಿರೋಧಿಸಿದ ಏಕೈಕ ಪಕ್ಷವಾದ ಸಿನ್ ಫೇನ್ ಎಚ್ಚರಿಸಿದರು. ಹಾಗೇನೂ ಇಲ್ಲ, ಇದು ಹಸಿ ಸುಳ್ಳು ಎಂದು ಸರಕಾರ ಮತ್ತು ದೊಡ್ಡ ವಿರೋಧ ಪಕ್ಷಗಳು ಒಂದೇ ದನಿಯಲ್ಲಿ ಉತ್ತರಿಸಿದವು. ಒಪ್ಪಂದದ ಪಠ್ಯ ಏನು ಹೇಳುತ್ತದೆಂದು ನೋಡೋಣ.

ಅದಕ್ಕೆ ಮೊದಲಿದ್ದ ನೀಸ್ ಒಪ್ಪಂದದ ಪ್ರಕಾರ, ಆರೋಗ್ಯ ಸೇವೆಯ ವ್ಯಾಪಾರದ ಬಗ್ಗೆ ಒಕ್ಕೂಟವು ಹೊರದೇಶಗಳೊಂದಿಗೆ ಕರಾರು ಮಾಡಬೇಕಾದರೆ ಎಲ್ಲ ಸದಸ್ಯ ದೇಶಗಳ ಸಮ್ಮತಿ ಬೇಕಿತ್ತು. ಲಿಸ್ಬನ್ನಿನಲ್ಲಿ ಬಹುಮತವೇ ನಿಯಮವಾಯಿತು. ಒಂದು ದೇಶ ತಡೆಯೊಡ್ಡಬೇಕಾದರೆ, ಅಂಥ ಕರಾರಿನಿಂದ ತನ್ನ ಆರೋಗ್ಯ ಸೇವೆಯ ವ್ಯವಸ್ಥೆ ಗಂಭೀರವಾಗಿ ಅಸ್ತವ್ಯಸ್ತವಾಗುವ ಅಪಾಯವಿರಬೇಕು. ಮತ್ತು ಸೇವೆ ಒದಗಿಸುವ ತನ್ನ ಹೊಣೆಗೂ ಧಕ್ಕೆಯಾಗುವಂತಿರಬೇಕು. ಇಲ್ಲಿರುವ ‘ಮತ್ತು’ ಸಣ್ಣದಲ್ಲ. ಧಕ್ಕೆಯಾಗಿದೆಯೇ, ಆಗಿದ್ದರೆ ಅದು ‘ಗಂಭೀರ’ವೇ ಎಂದು ತೀರ್ಮಾನಿಸುವವರು ಯಾರು? ಪಠ್ಯ ಅದನ್ನು ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ಸಂಶಯಪಟ್ಟವರನ್ನು ಸುಳ್ಳುಗಾರರೆಂದದ್ದು ಅನ್ಯಾಯ. ಅದೇ ವೇಳೆ, ಆರೋಗ್ಯ ನೀತಿ ರೂಪಿಸುವುದು, ಸೇವೆ ಒದಗಿಸುವುದು ಆಯಾ ದೇಶದ ಹೊಣೆ ಎಂಬ ಇನ್ನೊಂದು ಕಲಮು ಅದೇ ಒಪ್ಪಂದದಲ್ಲಿದೆ. ಆಸ್ಪತ್ರೆಗಳನ್ನು ಮಾರಿ ಎಂದು ಲಿಸ್ಬನ್ ಎಲ್ಲಿಯೂ ಆದೇಶಿಸುವುದಿಲ್ಲ. ವಿರೋಧಿಗಳಲ್ಲಿ ಕೆಲವರು ಸಂಶಯವನ್ನೇ ಸತ್ಯವೆಂದು ಹಂಚಿದರು. ಸಂಬಳದ ವಿಷಯದಲ್ಲಂತೂ ಇದು ಅತಿರೇಕಕ್ಕೆ ಹೋಯಿತು. ಕನಿಷ್ಠ ಕೂಲಿ ಗಂಟೆಗೆ 1.84 ಯುರೋಗೆ ಇಳಿಯಲಿದೆಯೇ ಎಂದು ಕೇಳುವ ಭಿತ್ತಿಪತ್ರವನ್ನು 2009ರಲ್ಲಿ ಕೋರ್ ಎಂಬ ಸಂಘಟನೆ ಅಂಟಿಸಿತು. ಪ್ರಶ್ನಾರ್ಥಕ ಚಿಹ್ನೆಯ ಮರೆಯಲ್ಲಿ ನಿಂತು ಹೆದರಿಸುವ ಈ ವಿದ್ಯೆ ನಮಗೇನೂ ಹೊಸದಲ್ಲ.

ಆದರೆ ನಮ್ಮ ತಕರಾರು ಇರುವುದು ‘ಆರೋಗ್ಯ ನಮ್ಮದೇ ಹೊಣೆ’ ಎಂಬ ಸರಕಾರದ ಉತ್ತರದ ಬಗ್ಗೆ. ಉತ್ತರ ನಿಜವೇ. ಹಾಗಿದ್ದರೆ ಆ ಹೊಣೆಯನ್ನು ಡಬ್ಲಿನ್ ಹೇಗೆ ನಿಭಾಯಿಸಿತ್ತು? ಚರ್ಚೆ ಈ ಪ್ರಶ್ನೆಯ ಬಾಗಿಲವರೆಗೆ ಬಂದು ಹಿಂದಿರುಗಿತು.

ಖಾಸಗಿ ಆಸ್ಪತ್ರೆ ಕಟ್ಟುವ ಹೂಡಿಕೆದಾರರಿಗೆ 2001ರಲ್ಲಿ ತೆರಿಗೆ ರಿಯಾಯಿತಿ ಕೊಟ್ಟದ್ದು ಬ್ರಸೆಲ್ಸ್ ಅಲ್ಲ, ಐರ್ಲೆಂಡಿನ ಹಣಕಾಸು ಸಚಿವರು. ಅವರು ಬೇರಾರೂ ಅಲ್ಲ, ಒಪ್ಪಂದವನ್ನು ಓದದ ಇದೇ ಮೆಕ್ರೀವಿ! 2005ರಲ್ಲಿ ಆರೋಗ್ಯ ಸಚಿವೆ ಮೇರಿ ಹಾರ್ನಿ ಇನ್ನೊಂದು ಯೋಜನೆ ಮುಂದಿಟ್ಟರು. ಸರಕಾರಿ ಆಸ್ಪತ್ರೆಯ ಆವರಣದಲ್ಲಿಯೇ ಖಾಸಗಿಯವರು ಆಸ್ಪತ್ರೆ ಕಟ್ಟುವುದು. ಹಣವಂತ ರೋಗಿಗಳು ಅತ್ತ ಹೋದರೆ ಸರಕಾರಿ ವಾರ್ಡುಗಳಲ್ಲಿ 1,000 ಹಾಸಿಗೆ ತೆರವಾಗುತ್ತವೆ ಎಂಬುದು ಲೆಕ್ಕ. ಭೂಮಿ ಸರಕಾರದ್ದು, ರಿಯಾಯಿತಿ ಬೊಕ್ಕಸದ್ದು, ಲಾಭ ಕಟ್ಟಿದವರದ್ದು. ಇದಕ್ಕೆ ಯಾವ ಜನಮತಗಣನೆಯೂ ಬೇಕಾಗಲಿಲ್ಲ.

ಅಲ್ಲಿನ ವ್ಯವಸ್ಥೆಯನ್ನು ತುಸು ವಿವರಿಸಬೇಕು. ಆಗ ಸುಮಾರು ಅರ್ಧದಷ್ಟು ಜನರ ಬಳಿ ಖಾಸಗಿ ಆರೋಗ್ಯ ವಿಮೆಯಿತ್ತು. ಒಂದೇ ಸರಕಾರಿ ಆಸ್ಪತ್ರೆಯಲ್ಲಿ, ಒಬ್ಬರೇ ತಜ್ಞ ವೈದ್ಯರ ಮುಂದೆ ಎರಡು ಸರತಿ ಸಾಲುಗಳು. ವಿಮೆಯಿದ್ದವರದ್ದು ಬೇಗ ಸರಿಯುತ್ತದೆ. ಕಿಲ್ಕೆನಿಯ ಒಬ್ಬ ತಾಯಿ ವಿಮೆಯಿಲ್ಲದ ಕಾರಣ ಕರುಳಿನ ಪರೀಕ್ಷೆಗಾಗಿ ಏಳು ತಿಂಗಳು ಕಾದರು. ಅಷ್ಟರಲ್ಲಿ ಕ್ಯಾನ್ಸರ್ ಬಲಿತಿತ್ತು. ಚಿಕಿತ್ಸೆಯ ಕೋಣೆಯಲ್ಲಿ ಅವರಿಗೆ ಸಿಕ್ಕ ಇನ್ನೊಬ್ಬ ರೋಗಿಗೆ ವಿಮೆಯಿದ್ದುದರಿಂದ ಅದೇ ಪರೀಕ್ಷೆ ಕೆಲವೇ ದಿನಗಳಲ್ಲಿ ಮುಗಿದಿತ್ತು. ಆಕೆ ಇದನ್ನು ರೇಡಿಯೋ ಕಾರ್ಯಕ್ರಮವೊಂದಕ್ಕೆ ತಿಳಿಸಿದಾಗ ಇಡೀ ದೇಶ ಕೇಳಿಸಿಕೊಂಡಿತು. 2007ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಜನಮತಗಣನೆಗೆ ಆಗ ಎಂಟು ತಿಂಗಳಷ್ಟೇ ಬಾಕಿಯಿತ್ತು. ಶ್ರೀಮಂತರ ಡನ್ ಲೀರಿ ಒಪ್ಪಂದ ಬೇಕೆಂದಿತು. ಟಾಲಾದಂತಹ ದುಡಿಯುವವರ ಬಡಾವಣೆಗಳಿರುವ ನೈಋತ್ಯ ಡಬ್ಲಿನ್ ಬೇಡವೆಂದಿತು. ಅವರು ಒಪ್ಪಂದ ಓದಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಸ್ಪತ್ರೆಯ ಸಾಲಿನಲ್ಲಿ ಮಾತ್ರ ನಿಂತಿದ್ದರು.

ಆ ಸರಕಾರಿ ವಾರ್ಡುಗಳನ್ನು ನಡೆಸುತ್ತಿದ್ದವರಲ್ಲಿ ಕೇರಳದ, ನಮ್ಮ ಕರಾವಳಿಯ, ಫಿಲಿಪೈನ್ಸಿನ ನರ್ಸುಗಳೂ ಪಾಕಿಸ್ತಾನ, ಸುಡಾನಿನ ವೈದ್ಯರೂ ಇದ್ದರು. ಅಲ್ಲಿನ ಪೌರತ್ವ ಪಡೆಯದ ಅವರಿಗೆ ಜನಮತಗಣನೆಯಲ್ಲಿ ಮತವಿರಲಿಲ್ಲ. ಎರಡು ಸಾಲುಗಳನ್ನು ದಿನನಿತ್ಯ ಹತ್ತಿರದಿಂದ ಕಂಡವರ ಅನುಭವ ಎರಡೂ ಪಾಳಯಗಳ ಪ್ರಚಾರಕ್ಕೆ ಬೇಕಾಗಲಿಲ್ಲ.

ಮೊದಲ ಮತದಾನದ ಬಳಿಕ ನಡೆದದ್ದು ಇನ್ನೂ ಸ್ಪಷ್ಟ. 2008ರ ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಸರಕಾರ ಬ್ಯಾಂಕುಗಳ ಸುಮಾರು 440 ಶತಕೋಟಿ ಯುರೋ ಹೊಣೆಗಾರಿಕೆಗೆ ಜಾಮೀನು ನಿಂತಿತು. ಎರಡು ವಾರಗಳ ನಂತರದ ಬಜೆಟ್ಟಿನಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ಸಿಗುತ್ತಿದ್ದ ಉಚಿತ ಚಿಕಿತ್ಸೆಯ ಮೆಡಿಕಲ್ ಕಾರ್ಡಿಗೆ ಕತ್ತರಿ ಹಾಕಿತು. ಸಾವಿರಾರು ವೃದ್ಧರು ಊರುಗೋಲು ಹಿಡಿದು ಸಂಸತ್ತಿನ ಮುಂದೆ ಸೇರಿದರು. ಸರಕಾರ ಆದಾಯದ ಮಿತಿಯನ್ನು ಏರಿಸಿ ಅರ್ಧ ಹಿಂದೆ ಸರಿಯಿತು. ಲಿಸ್ಬನ್ ಇನ್ನೂ ಜಾರಿಗೇ ಬಂದಿರಲಿಲ್ಲ.

ಜನರ ಆತಂಕ ನಿವಾರಿಸಲೆಂದು 2009ರ ಜೂನಿನಲ್ಲಿ ಐರೋಪ್ಯ ನಾಯಕರು ಐರ್ಲೆಂಡಿಗೆ ಭರವಸೆಗಳನ್ನು ನೀಡಿದರು. ಇಲ್ಲಿ ವರ್ಗೀಕರಣ ಗಮನಿಸಬೇಕು. ತೆರಿಗೆ, ಸೈನಿಕ ತಟಸ್ಥತೆ, ಜೀವಿಸುವ ಹಕ್ಕು, ಕುಟುಂಬ ಮತ್ತು ಶಿಕ್ಷಣ ಕುರಿತ ಸಂವಿಧಾನದ ವಿಧಿಗಳು, ಇವುಗಳಿಗೆ ಕಾನೂನಿನ ಬಲವಿರುವ ನಿರ್ಧಾರ. (ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರಲ್ಲಿ ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಲೋಕವೆಲ್ಲ ಚರ್ಚಿಸಿದ, 2018ರಲ್ಲಿ ಜನಮತದಿಂದಲೇ ಬದಲಾದ ವಿಧಿಯೂ ಈ ಪಟ್ಟಿಯಲ್ಲಿತ್ತು. ಅದು ಬೇರೆಯೇ ಚರ್ಚೆ.) ಕಾರ್ಮಿಕರ ಹಕ್ಕು, ಸಾರ್ವಜನಿಕ ಸೇವೆ, ಆರೋಗ್ಯ, ಇವುಗಳಿಗೆ ಸಿಕ್ಕಿದ್ದು ಒಂದು ‘ಗಂಭೀರ ಘೋಷಣೆ’. ಅಂದರೆ ಕಂಪನಿಗಳ ಮೇಲಿನ ಶೇ. 12.5ರ ತೆರಿಗೆ ದರಕ್ಕೆ ಕಾನೂನಿನ ಬೇಲಿ. ರೋಗಿಗೆ ಒಳ್ಳೆಯ ಮಾತು. ಎರಡನ್ನೂ ‘ಭರವಸೆ’ ಎಂಬ ಒಂದೇ ಪದದಲ್ಲಿ ಸುತ್ತಿ ಜನರ ಕೈಗಿತ್ತಾಗ ಪತ್ರಿಕೆಗಳು ಗಂಟು ಬಿಚ್ಚಿ ನೋಡಬೇಕಿತ್ತು.

ಎರಡನೇ ಮತದಾನ 2009ರ ಅಕ್ಟೋಬರ್ 2ರಂದು. ಈ ಬಾರಿ ಇಂಟೆಲ್, ರಯಾನ್ಏರ್‌ನಂತಹ ಕಂಪನಿಗಳೂ ಪ್ರಚಾರಕ್ಕಿಳಿದವು. ಕೆಲಸ ಕಳೆದುಕೊಳ್ಳುವ ಭಯ ಊರೆಲ್ಲ ಹಬ್ಬಿತ್ತು. ಶೇ. 67.1 ಮಂದಿ ಬೇಕು ಎಂದರು. ಒಮ್ಮೆ ಹೆದರಿ ಬೇಡ ಎಂದವರು ಮೂಢರು, ಇನ್ನೊಮ್ಮೆ ಹೆದರಿ ಬೇಕು ಎಂದವರು ಪ್ರಬುದ್ಧರು ಎಂಬ ವ್ಯಾಖ್ಯಾನವನ್ನು ಒಪ್ಪುವುದು ನಮಗೆ ಸಾಧ್ಯವಾಗಿಲ್ಲ.

ಹಾರ್ನಿಯವರ ಯೋಜನೆಯ ಒಂದೇ ಒಂದು ಆಸ್ಪತ್ರೆಯೂ ಮೇಲೇಳಲಿಲ್ಲ. ಅದನ್ನು ನಿಲ್ಲಿಸಿದ್ದು ಜನಮತವಲ್ಲ, ಸಾಲ ಕೊಡುವ ಬ್ಯಾಂಕುಗಳೇ ಮುಗ್ಗರಿಸಿದ್ದು. ಉಳಿದದ್ದನ್ನು 2011ರಲ್ಲಿ ಬಂದ ಹೊಸ ಸರಕಾರ ಕೈಬಿಟ್ಟಿತು. 2017ರ ಮೇ ತಿಂಗಳಲ್ಲಿ ಎಲ್ಲ ಪಕ್ಷಗಳ ಸಂಸದೀಯ ಸಮಿತಿಯೊಂದು ಸ್ಲಾಂಚಕೇರ್ ಎಂಬ ವರದಿ ಕೊಟ್ಟಿತು. ಪ್ರಾಥಮಿಕ ಚಿಕಿತ್ಸೆ ಎಲ್ಲರಿಗೂ ಸಿಗದ ಏಕೈಕ ಪಶ್ಚಿಮ ಯುರೋಪಿನ ದೇಶ ನಮ್ಮದು ಎಂದು ಅದು ಒಪ್ಪಿಕೊಂಡಿತು. ಉಳಿದ ದೇಶಗಳ ಪೈಕಿ ಹೆಚ್ಚಿನವು ಅದೇ ಒಕ್ಕೂಟದಲ್ಲಿ, ಅದೇ ಲಿಸ್ಬನ್ ಒಪ್ಪಂದದ ಅಡಿಯಲ್ಲಿಯೇ ಇದ್ದವು.