ತೀರ್ಪಿನ ಚಿತ್ರದಲ್ಲೊಂದು ಜಪಸರ

“ಫಾದರ್, ದೇವರು ನನ್ನನ್ನು ಹೊಡೀತಾರಾ?” ಮೊದಲ ಪಾಪನಿವೇದನೆಯ ಸಿದ್ಧತಾ ತರಗತಿಯಲ್ಲಿ ಮಗುವೊಂದು ಕೇಳಿತು. ಮನೆಯ ಪ್ರಾರ್ಥನೆಯಲ್ಲಿ ಅದು ಕಲಿತ ದೇವರು ಬೆತ್ತ ಹಿಡಿದವರು. ಇನ್ನು ಕೆಲವು ಮನೆಗಳಲ್ಲಿ ತೀರ್ಪಿನ ಮಾತೇ ಇಲ್ಲ. ದೇವರು ಮಿಠಾಯಿ ಹಂಚುವ ಅಜ್ಜ.

ಈ ಎರಡನ್ನೂ ತಿದ್ದಬಲ್ಲ ಕೃತಿ, ರೋಮಿನ ಸಿಸ್ಟೈನ್ ದೇವಾಲಯದ ಪೀಠದ ಹಿಂದೆ ಮೈಕೆಲ್ಯಾಂಜೆಲೊ 1536ರಿಂದ 1541ರವರೆಗೆ ರಚಿಸಿದ ‘ಅಂತಿಮ ತೀರ್ಪು’. ಮೊದಲ ನೋಟಕ್ಕೆ ಅದು ಭಯಂಕರ. ಕ್ರಿಸ್ತರ ಬಲಗೈ ಮೇಲೆತ್ತಿದೆ. ಕೆಳಗೆ ನರಕಕ್ಕೆ ಬೀಳುವವರ ಸಂಕಟ. ಪಾಪವನ್ನು ಕಲಾವಿದ ಹಗುರಗೊಳಿಸಿಲ್ಲ. ಆದರೆ ತೀರ್ಪು ನೀಡುವವರ ಮೈಮೇಲೆ ಶಿಲುಬೆಯ ಗಾಯಗಳಿವೆ. ಒಂದೆಡೆ ಇಬ್ಬರು ಜಪಸರ ಹಿಡಿದು ಜೋತುಬಿದ್ದಿದ್ದಾರೆ. ಮೇಲಿನಿಂದ ಒಬ್ಬರು ಅವರನ್ನು ಎಳೆದುಕೊಳ್ಳುತ್ತಿದ್ದಾರೆ. ಪರಮಪವಿತ್ರರ ಮುಂದೆ ನಡುಕ ಸಹಜ. ಕೈಬಿಡುವವರಲ್ಲವೆಂಬ ಭರವಸೆಯೂ ಅಷ್ಟೇ ನಿಜ.

ಚಿತ್ರಕ್ಕೊಂದು ಕೊರತೆಯೂ ಇದೆ. ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಹಸಿದವರಿಗೆ ನೀಡಿದ ಅನ್ನವೇ ತೀರ್ಪಿನ ಅಳತೆಗೋಲು. ಮುನ್ನೂರಕ್ಕೂ ಹೆಚ್ಚು ಆಕೃತಿಗಳಿರುವ ಆ ಗೋಡೆಯಲ್ಲಿ ಅನ್ನವಿಡುವ ಕೈ ಕಾಣುವುದಿಲ್ಲ. ಅದನ್ನು ಚಿತ್ರಿಸಬೇಕಾದವರು ತಂದೆತಾಯಂದಿರು. ಇಂದಿನ ಜಪಸರ ಮುಗಿದ ಮೇಲೆ, ಹಸಿದ ನೆರೆಯವರಿಗಾಗಿ ಒಂದು ತಟ್ಟೆ ಊಟವನ್ನು ಮಗುವಿನ ಕೈಯಲ್ಲಿ ಕೊಟ್ಟು ಕಳುಹಿಸಿರಿ.