ಡೋರಾ ಹೇಳಿದ್ದು, ಫ್ರಾಯ್ಡ್ ಬರೆದದ್ದು

ಇಪ್ಪತ್ತನೆಯ ಶತಮಾನದ ನೂರು ಪ್ರಮುಖ ಮನಶ್ಶಾಸ್ತ್ರಜ್ಞರ ಪಟ್ಟಿಯೊಂದು 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಒಟ್ಟು ಲೆಕ್ಕದಲ್ಲಿ ಸ್ಕಿನ್ನರ್ ಮೊದಲಿಗ, ಪಿಯಾಜೆ ಎರಡನೆಯವನು, ಫ್ರಾಯ್ಡ್ ಮೂರನೆಯವನು. ಆದರೆ ವಿದ್ವತ್ಪತ್ರಿಕೆಗಳಲ್ಲೂ ಪಠ್ಯಪುಸ್ತಕಗಳಲ್ಲೂ ಅತಿ ಹೆಚ್ಚು ಉಲ್ಲೇಖಗೊಂಡವನು ಫ್ರಾಯ್ಡನೇ. ಆತನ ಎಷ್ಟೋ ತೀರ್ಮಾನಗಳನ್ನು ಆಮೇಲಿನವರು ತಳ್ಳಿಹಾಕಿದ್ದಾರೆ. ಹಾಗಿದ್ದೂ ಈ ಪ್ರಭಾವ ಎಲ್ಲಿಂದ ಬಂತು?

ಉತ್ತರ ಆತನ ಬರವಣಿಗೆಯಲ್ಲಿದೆ ಎಂದು ಕತೆ ಬರೆಯುವ ನಮಗೆ ಅನ್ನಿಸುತ್ತದೆ. ತನ್ನ ರೋಗಿಗಳ ವೃತ್ತಾಂತಗಳು ಸಣ್ಣಕತೆಗಳಂತೆ ಓದಿಸಿಕೊಳ್ಳುತ್ತವೆ ಎಂದು ಆತ 1895ರಲ್ಲೇ ತುಸು ಸಂಕೋಚದಿಂದ ಒಪ್ಪಿಕೊಂಡಿದ್ದ. 1930ರಲ್ಲಿ ಆತನಿಗೆ ಸಂದದ್ದು ಕವಿ ಗಯಟೆಯ ಹೆಸರಿನ ಪ್ರಶಸ್ತಿ.

1905ರಲ್ಲಿ ಪ್ರಕಟವಾದ 'ಡೋರಾ' ವೃತ್ತಾಂತವನ್ನೇ ನೋಡೋಣ. 1900ರಲ್ಲಿ ಹದಿನೆಂಟರ ಈ ಹುಡುಗಿಯನ್ನು ವಿಯೆನ್ನಾದಲ್ಲಿ ಫ್ರಾಯ್ಡನ ಬಳಿಗೆ ಕರೆತಂದವನು ಅವಳ ತಂದೆ. ಅವನ ಗೆಳೆಯನೊಬ್ಬ ಸರೋವರದ ಬಳಿ ತನ್ನ ಮೇಲೆ ಕಣ್ಣು ಹಾಕಿದನೆಂದು ಅವಳು ಹೇಳಿದ್ದಳು. ಗೆಳೆಯ ಅಲ್ಲಗಳೆದ, ತಂದೆ ಮಗಳನ್ನು ನಂಬಲಿಲ್ಲ. ಆ ಗೆಳೆಯನ ಹೆಂಡತಿಗೂ ತಂದೆಗೂ ಸಂಬಂಧವಿತ್ತು. ಫ್ರಾಯ್ಡ್ ಹುಡುಗಿಯ ಮಾತನ್ನು ಸುಳ್ಳೆನ್ನಲಿಲ್ಲ. ಆದರೆ ಅವಳ ಅಸಹ್ಯವನ್ನೇ ರೋಗವೆಂದು ಕರೆದ, ಅದರಡಿ ಅದುಮಿಟ್ಟ ಬಯಕೆಯನ್ನು ಹುಡುಕಿದ. ಮೂರು ತಿಂಗಳು ತುಂಬುವ ಮೊದಲೇ ಅವಳು ಎದ್ದು ಹೋದಳು.

ಬೇರೆ ವೈದ್ಯನಾಗಿದ್ದರೆ ಆ ಕಡತವನ್ನು ಮುಚ್ಚಿಡುತ್ತಿದ್ದ. ಫ್ರಾಯ್ಡ್ ಸೋಲನ್ನೇ ಬರೆದ. ಬೇರೊಬ್ಬರ ಮೇಲಿನ ಭಾವವನ್ನು ರೋಗಿ ವೈದ್ಯನ ಮೇಲೆ ಹೇರುತ್ತಾನೆ, ತಾನದನ್ನು ಸಕಾಲದಲ್ಲಿ ಗುರುತಿಸಲಿಲ್ಲ ಎಂದ. ಆ ವಿಚಾರ ಚಿಕಿತ್ಸಕರ ಮುಖ್ಯ ಸಾಧನವಾಗಿ ಬೆಳೆಯಿತು. 1902ರಲ್ಲಿ ಡೋರಾ ಮತ್ತೆ ಬಂದು, ಆ ಗೆಳೆಯ ತನ್ನೆದುರು ಸರೋವರದ ಸಂಗತಿಯನ್ನು ಒಪ್ಪಿಕೊಂಡನೆಂದು ತಿಳಿಸಿದ್ದನ್ನೂ ಆತ ದಾಖಲಿಸಿದ. ಸ್ತ್ರೀವಾದಿಗಳು ಆತನನ್ನು ತರಾಟೆಗೆ ತೆಗೆದುಕೊಂಡದ್ದು ಆತನೇ ಬರೆದಿಟ್ಟ ಪುಟಗಳಿಂದ. ಹೆಲೆನ್ ಸಿಕ್ಸು 1976ರಲ್ಲಿ ಡೋರಾಳನ್ನು ರಂಗಕ್ಕೆ ತಂದಳು. ತನ್ನನ್ನು ಅಲ್ಲಗಳೆಯುವವರಿಗೂ ಸಾಮಗ್ರಿ ಒದಗಿಸುವವನ ಹೆಸರು ಸುಲಭಕ್ಕೆ ಅಳಿಯುವುದಿಲ್ಲ.

ಇದು ಫ್ರಾಯ್ಡನ ದೊಡ್ಡತನವೆಂದು ನಾವು ಒಪ್ಪುತ್ತೇವೆ. ಆದರೂ ಮನಸ್ಸು ಒಗ್ಗುವುದಿಲ್ಲ. ಅವಳು ಕೇಳಿದ್ದು ಇಷ್ಟೇ: ನನ್ನ ಮಾತನ್ನು ನಂಬಿ. ಅದು ಸಿಗಲಿಲ್ಲ, ವೃತ್ತಾಂತ ಮಾತ್ರ ಜಗತ್ತಿಗೆಲ್ಲ ಹಬ್ಬಿತು. 'ಮನೆಯ ಇಜ್ಜತ್ತಿನ ಪ್ರಶ್ನೆ, ಬಾಯಿ ಮುಚ್ಚು' ಎಂಬ ಮಾತು ಕೇಳಿ ಬೆಳೆದ ಹೆಣ್ಣುಮಕ್ಕಳ ಕತೆಗಳನ್ನು ನಾವೂ ಬರೆದಿದ್ದೇವೆ, ಮೆಚ್ಚುಗೆಯನ್ನೂ ಪಡೆದಿದ್ದೇವೆ. ಬರೆಯುವ ಮೊದಲು ಅವರ ಮಾತನ್ನು ಕೊನೆಯವರೆಗೆ ಕೇಳಿದ್ದೆವೆಯೇ? ಡೋರಾಳನ್ನು ಓದಿದಾಗಲೆಲ್ಲ ಈ ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತದೆ.