ಬೆನ್ನ ಮೇಲಿನ ಕಾಗದ

ಚಾರ್ಜು ಪೂರ್ತಿ ಮುಗಿದು ಸತ್ತುಹೋದ ಫೋನು ಕೂಡ ವಿಮಾನದ ಬೋರ್ಡಿಂಗ್ ಪಾಸನ್ನು ತೋರಿಸುತ್ತಲೇ ಇರಬಲ್ಲದು. ರಷ್ಯಾದ ಯೋಟಾ ಡಿವೈಸಸ್ 2013ರ ಡಿಸೆಂಬರಿನಲ್ಲಿ ಮಾರಾಟಕ್ಕೆ ತಂದ ಯೋಟಾಫೋನ್‌ನ ನಿಜವಾದ ಹೆಚ್ಚುಗಾರಿಕೆ ಇದೊಂದೇ. ಇಷ್ಟೇ ಸಾಕಾಗಿತ್ತು ಎಂದು ನಾನು ನಂಬುತ್ತೇನೆ.

ಮುಂದೆ 4.3 ಇಂಚಿನ ಮಾಮೂಲಿ ಬಣ್ಣದ ಪರದೆ. ಬೆನ್ನಿಗೆ ಅದೇ ಅಳತೆಯ ಇ-ಇಂಕ್ ಪರದೆ, ಕಿಂಡಲ್‌ನಲ್ಲಿ ಇರುವಂಥದ್ದು. ಅದರ ಅತಿಸೂಕ್ಷ್ಮ ಕೋಶಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳಿರುತ್ತವೆ. ಅವುಗಳ ವಿದ್ಯುದಾವೇಶ ಒಂದಕ್ಕೊಂದು ವಿರುದ್ಧ. ಕಣಗಳನ್ನು ಮೇಲೆ ಕೆಳಗೆ ಸರಿಸುವುದಕ್ಕೆ ಮಾತ್ರ ಕರೆಂಟು ಬೇಕು, ಸರಿದ ಮೇಲೆ ಅವು ಅಲ್ಲೇ ನಿಲ್ಲುತ್ತವೆ. ಸ್ವಂತ ಬೆಳಕಿಲ್ಲದ ಪರದೆಯಾದ್ದರಿಂದ ಸುಡುಬಿಸಿಲಿನಲ್ಲೂ ಅಕ್ಷರ ನಿಚ್ಚಳ. ಕತ್ತಲಲ್ಲಿ ಮಾತ್ರ ಏನೂ ಕಾಣದು. ಮುಂದಿನ ಪರದೆಯನ್ನು ಎರಡು ಬೆರಳಿನಲ್ಲಿ ಕೆಳಕ್ಕೆ ಸವರಿದರೆ ಅಲ್ಲಿದ್ದ ನಕ್ಷೆಯೋ ಟಿಕೆಟೋ ಬೆನ್ನಿಗೆ ಹೋಗಿ ಕೂರುತ್ತಿತ್ತು. ಆಮೇಲೆ ಅದನ್ನು ನೋಡಲು ಫೋನನ್ನು ಎಬ್ಬಿಸಬೇಕಿಲ್ಲ, ಲಾಕ್ ತೆಗೆಯಬೇಕಿಲ್ಲ. ನಾವು ಇಟ್ಟದ್ದನ್ನು ಇಟ್ಟ ಹಾಗೇ ಕಾಯುವ ಈ ಗುಣ ಇವತ್ತಿನ ಯಾವ ಪ್ರಸಿದ್ಧ ಫೋನಿನಲ್ಲಿಯೂ ಇಲ್ಲ.

2014ರ ಡಿಸೆಂಬರಿನಲ್ಲಿ ಬಂದ ಯೋಟಾಫೋನ್ 2 ವಸ್ತುವಾಗಿ ಬಹಳ ಚೆಂದ. ಬೆನ್ನಿನ ಪರದೆ 4.7 ಇಂಚಿಗೆ ಹಿಗ್ಗಿತು, ಪೂರ್ತಿ ಸ್ಪರ್ಶಕ್ಕೆ ಓಗೊಟ್ಟಿತು. ಪಿಕ್ಸೆಲ್‌ಗಳು 640×360ರಿಂದ 960×540ಕ್ಕೆ ಏರಿದವು. ಈ ಏರಿಕೆಯ ಬೆಲೆ ಕನ್ನಡ ಓದುವವರಿಗೆ ಬೇಗ ಅರ್ಥವಾಗುತ್ತದೆ: ಇಂಚಿಗೆ ಸುಮಾರು 170 ಚುಕ್ಕಿಗಳಲ್ಲಿ ನಮ್ಮ ಒತ್ತಕ್ಷರಗಳು ಕಲೆಸಿಹೋಗುತ್ತವೆ; 230 ದಾಟಿದರೆ ಅವು ಬಿಡಿಬಿಡಿಯಾಗಿ ಕಾಣತೊಡಗುತ್ತವೆ. ಕಾದಂಬರಿ ಓದಲು ಈ ಬೆನ್ನು ಸೊಗಸಾದ ಜಾಗ, ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಇರುವುದು ಯೋಟಾಮಿರರ್ ಬಗ್ಗೆ. ಆಂಡ್ರಾಯ್ಡ್ ಇಡಿಯಾಗಿ ಬೆನ್ನಿನ ಮೇಲೂ ಓಡುವಂತೆ ಮಾಡಿದ ಸೌಲಭ್ಯ ಇದು. ಇ-ಇಂಕ್ ನಿಧಾನ. ಪುಟ ಸರಿಸಿದರೆ ಹಿಂದಿನ ಚಿತ್ರದ ಮಾಸಲು ನೆರಳು ಉಳಿಯುತ್ತದೆ, ಅದನ್ನು ಅಳಿಸಲು ಇಡೀ ಪರದೆ ಒಮ್ಮೆ ಕಪ್ಪಾಗಿ ಮಿನುಗಬೇಕು. ಬಣ್ಣ, ಚಲನೆಗಳನ್ನೇ ನಂಬಿ ಕಟ್ಟಿದ ಆ್ಯಪ್‌ಗಳನ್ನು ಇದರ ಮೇಲೆ ಹೇರಿದಾಗ ಪರದೆಯ ದೌರ್ಬಲ್ಯವೆಲ್ಲ ಎದ್ದು ಕಂಡಿತು, ಅದರ ಶಕ್ತಿ ಮರೆಗೆ ಸರಿಯಿತು. ಕೈಯಲ್ಲಿರುವ ಫೋನನ್ನು ತಿರುಗಿಸಿದರೆ ಅದೇ ಕೆಲಸ ಚಕಚಕನೆ ಆಗುವಾಗ ಯಾರು ತಾನೇ ಕಾಯುತ್ತಾರೆ?

ಎರಡೂ ಕಡೆ ಗಾಜಾದ್ದರಿಂದ ಕವಚ ಹಾಕುವುದು ಕಷ್ಟ. ಮುಂದಿನ ಪರದೆ ನೋಡುತ್ತಿದ್ದರೆ ಹಿಂದೆ ಬಂದ ಸಂದೇಶವನ್ನು ಎದುರು ಕೂತವರು ಓದಬಹುದು. ಇವೆಲ್ಲ ಸಹಿಸಬಹುದಾದ ತೊಡಕುಗಳು. 32,990 ರೂಬಲ್ ಬೆಲೆ ಹೆಚ್ಚಿನವರಿಗೆ ಸಹಿಸುವಂಥದ್ದಾಗಿರಲಿಲ್ಲ. 2017ರಲ್ಲಿ ಚೀನಾದಲ್ಲಿ ಮೂರನೇ ಮಾದರಿ ಬಂತು. ಸಿಂಗಪುರದ ತಯಾರಕ ಹೈ-ಪಿ ಜೊತೆಗಿನ ವ್ಯಾಜ್ಯದ ನಂತರ 2019ರಲ್ಲಿ ಕಂಪನಿ ದಿವಾಳಿಯಾಯಿತು.

ಬೆನ್ನಿನ ಪರದೆ ಈಗ ಬೇರೆ ವೇಷದಲ್ಲಿ ಮರಳಿದೆ. 2021ರ ಶಿಯೋಮಿ ಮಿ 11 ಅಲ್ಟ್ರಾದಲ್ಲಿ 1.1 ಇಂಚು, 2024ರ ಭಾರತದ ಲಾವಾ ಅಗ್ನಿ 3ರಲ್ಲಿ 1.74 ಇಂಚು, ಎರಡೂ ಅಮೋಲೆಡ್. ಹಿಂದಿನ ಒಳ್ಳೆಯ ಕ್ಯಾಮೆರಾದಲ್ಲಿ ಸೆಲ್ಫಿ ತೆಗೆಯಲು ಅನುಕೂಲ, ಅಷ್ಟು ಒಪ್ಪುತ್ತೇನೆ. ಆದರೆ ಬೆಳಗಿದಷ್ಟು ಹೊತ್ತೂ ಬ್ಯಾಟರಿ ತಿನ್ನುವ ಈ ಪುಟ್ಟ ಪರದೆ ನಮ್ಮ ಗಮನ ಬೇಡುವ ಇನ್ನೊಂದು ಕಿಟಕಿಯಷ್ಟೇ. ಅಗ್ನಿಯ ಅದೇ ಜಾಗದಲ್ಲಿ ಒಂದು ಕ್ಯೂಆರ್ ಕೋಡ್ ಆರಾಮಾಗಿ ಹಿಡಿಸುತ್ತದೆ. ಅಲ್ಲಿ ಇ-ಇಂಕ್ ಕೂರಿಸಿ, ಸ್ಪರ್ಶವನ್ನೂ ಆ್ಯಪ್‌ಗಳನ್ನೂ ಕೈಬಿಟ್ಟು, ಮುಂದಿನಿಂದ ಒಂದು ಚಿತ್ರ ಕಳಿಸುವ ಸವಲತ್ತನ್ನಷ್ಟೇ ಉಳಿಸಿದರೆ ಮೊದಲ ಯೋಟಾಫೋನ್‌ನ ಒಳ್ಳೆಯ ಅಂಶ ಸಾಮಾನ್ಯ ಬೆಲೆಯ ಫೋನಿಗೂ ದಕ್ಕೀತು.